ನಿಂತಾಗ ನಡುಗುವ ಎಂಜಿನ್
ಇವತ್ತು ಕಾರು ನಿಂತಲ್ಲೇ ನಡುಗುತ್ತಿತ್ತು. ಓಡುವಾಗ ಅಷ್ಟೇನೂ ಇಲ್ಲ. ಬ್ರೇಕ್ ಒತ್ತಿ ನಿಂತರೆ ಸಾಕು, ಸ್ಟೀರಿಂಗ್, ಸೀಟು, ಕನ್ನಡಿ ಎಲ್ಲಾ ಗಡಗಡ.

ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದು ನಡುಕ ತಡೆಯುವ ಆಸರೆ) ಹೋಗಿದ್ದರೆ ನಡುಕ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಇದು ನಡುನಡುವೆ ಮುಗ್ಗರಿಸುತ್ತಿತ್ತು. ಕಾರಿನ ಕಂಪ್ಯೂಟರ್ ಕೊಡುವ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಪಿ0302. ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ.

ಆಮೇಲಿನದ್ದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಎಂಜಿನ್ ಆಫ್ ಮಾಡಿ, ಎರಡನೆಯದರ ಇಗ್ನಿಷನ್ ಕಾಯಿಲ್ (ಕಿಡಿಗೆ ಬೇಕಾದ ವಿದ್ಯುತ್ ಕೊಡುವ ಭಾಗ) ಬಿಚ್ಚಿ ಮೂರನೆಯದಕ್ಕೆ ಹಾಕಿದೆ, ಅದರದ್ದು ಇದಕ್ಕೆ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತಿಗೆ ಪಿ0303 ಬಂತು, ಅಂದರೆ ಈಗ ಮೂರನೆಯದರಲ್ಲಿ ಮಿಸ್‌ಫೈರ್! ತೊಂದರೆ ಕಾಯಿಲ್ ಜೊತೆಗೇ ಹೋಗಿತ್ತು. ಕಿಡಿ ಹಾರಿಸುವ ಪ್ಲಗ್ ಅಲ್ಲ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಅಲ್ಲ.

ನಾಲ್ಕು ಸಿಲಿಂಡರ್ ಎಂಜಿನ್ 800 ಆರ್‌ಪಿಎಂನಲ್ಲಿ (ನಿಮಿಷಕ್ಕೆ 800 ಸುತ್ತು) ನಿಮಿಷಕ್ಕೆ 1600 ಸಲ ಉರಿಯುತ್ತದೆ. ಒಂದು ಸಿಲಿಂಡರ್ ಸುಮ್ನೆ ಕೂತರೆ 400 ಏಟು ಖಾಲಿ. ವೇಗದಲ್ಲಿ ಇದು ಮರೆಯಾಗುತ್ತದೆ. ಮನುಷ್ಯರೂ ಹೀಗೇ ಅಲ್ವಾ? ಓಡಾಡುವಾಗ ತಿಳಿಯದ ಸುಸ್ತು ಕೂತಾಗ ಜಾಸ್ತಿ ಕಾಣುತ್ತದೆ.

ಹೊಸ ಕಾಯಿಲ್ ಹಾಕಿ ಆಯ್ತು. ನಿಮ್ಮ ಕಾರೂ ಹೀಗೆ ಮುಗ್ಗರಿಸುತ್ತಿದ್ದರೆ ದಯವಿಟ್ಟು ಹಾಗೇ ಓಡಿಸಬೇಡಿ. ಉರಿಯದೆ ಉಳಿದ ಪೆಟ್ರೋಲ್ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತದೆ, ಅದು ಕಾಯಿಲ್‌ಗಿಂತ ಎಷ್ಟೋ ದುಬಾರಿ.