‘ಈ ಸಲ ಎಷ್ಟು ಸಸಿ ಹಚ್ಚಿದ್ರಿ?’

ಒಂದೂ ಇಲ್ಲ. ಶಿವರಾತ್ರಿಯಿಂದ ಯುಗಾದಿವರೆಗೆ ನಾವು ಒಂದೇ ಒಂದು ಸಸಿ ನೆಡುವುದಿಲ್ಲ. ಗಡಿಬಿಡಿ ಇದ್ದವರು ಇಲ್ಲಿಗೇ ಓದು ನಿಲ್ಲಿಸಬಹುದು.

ವಿಷಯ ಏನಪ್ಪಾ ಅಂದ್ರೆ, ನಾವೊಂದಿಷ್ಟು ಜನ ರಜೆ ದಿನ ಗದಗದಿಂದ ಕಪ್ಪತಗುಡ್ಡಕ್ಕೆ, ಗುಡ್ಡ ಕಾಯುವ ಕೆಲಸಕ್ಕೆ ಹೋಗುತ್ತೇವೆ. ಸಂಬಳ ಇಲ್ಲ, ಟೀ ಶರ್ಟೂ ಇಲ್ಲ. ಇದು ಗೊತ್ತಿದ್ದವರೆಲ್ಲ ಮದುವೆ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಇದೇ ಪ್ರಶ್ನೆ ಕೇಳುತ್ತಾರೆ. ಏನು ಮಾಡಿದಿರಿ ಅಂತ ಅಲ್ಲ, ಎಷ್ಟು ಅಂತ. ಒಂದೂ ಇಲ್ಲ ಅಂದರೆ ಪಾಪ ಅನ್ನೋ ಮುಖ ಮಾಡಿ ಜಿಲೇಬಿ ಕಡೆ ತಿರುಗುತ್ತಾರೆ.

ಅಲ್ರೀ, ಮಾರ್ಚ್‌ನಲ್ಲಿ ನೆಟ್ಟ ಸಸಿಗೆ ಗುಡ್ಡದ ಮೇಲೆ ನೀರು ಹೊರುವವರು ಯಾರು? ಮುಂಗಾರು ಬರುವುದೇ ಜೂನ್‌ನಲ್ಲಿ.

ಈ ತಿಂಗಳುಗಳಲ್ಲಿ ಗುಡ್ಡದ ಚಿಂತೆ ಒಂದೇ, ಬೆಂಕಿ. ಕಪ್ಪತಗುಡ್ಡದ ಇಳಿಜಾರಿನ ತುಂಬ ಬಾದೆ ಹುಲ್ಲು. ಎಳೆಯದಾಗಿದ್ದಾಗ ಉಜ್ಜಿ ನೋಡಿ, ಘಮ್ ಅನ್ನುತ್ತದೆ. ಅದರಲ್ಲಿ ಎಣ್ಣೆ ಇದೆ. ಒಣಗಿ ನಿಂತ ಮೇಲೆ ಒಂದು ಬೀಡಿ ತುಂಡು ಸಾಕು. ಮೇಲೆ ಗಾಳಿ ಬೇರೆ. ಅಷ್ಟೊಂದು ಗಾಳಿಯಂತ್ರಗಳನ್ನು ಅಲ್ಲಿ ಚೆಂದಕ್ಕೆ ನಿಲ್ಲಿಸಿಲ್ಲ.

ಅದಕ್ಕೇ ಬೆಂಕಿ ರೇಖೆ. ಅಂದರೆ ಹುಲ್ಲಿನ ನಡುವೆ ಬರಿ ನೆಲದ ಒಂದು ಪಟ್ಟಿ. ಬೆಳಕು ಹರಿಯುವಾಗ ಕುಡಗೋಲು ಹಿಡಿದು ಸಾಲಾಗಿ ನಿಲ್ಲುತ್ತೇವೆ. ಕೊಯ್ಯುವುದು ಸುಲಭ, ಗುಡಿಸುವುದೇ ಕಷ್ಟ. ಕಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ದಂಟು, ಪೊದೆ ಬುಡದ ತರಗೆಲೆ, ಎಲ್ಲ ಬಗ್ಗಿ ಕೈಯಿಂದಲೇ ತೆಗೆಯಬೇಕು. ಹತ್ತು ಹೆಜ್ಜೆ ಚೊಕ್ಕ ಮಾಡಿ ಹನ್ನೊಂದನೇ ಹೆಜ್ಜೆಗೆ ಒಂದು ಹಿಡಿ ಹುಲ್ಲು ಬಿಟ್ಟರೂ ಬೆಂಕಿಗೆ ಅದೇ ಸೇತುವೆ. ಎತ್ತಿ ಹಾಕಿದ್ದನ್ನು ಅರಣ್ಯ ಇಲಾಖೆಯ ವಾಚರ್‌ಗಳು ಗಾಳಿ ಏಳುವ ಮೊದಲೇ ಕಾವಲಿದ್ದು ಸುಡುತ್ತಾರೆ. ಬಿಸಿಲೇರಿದ ಮೇಲೆ ಆ ಕೆಲಸ ಬೇಡ.

ಒಂದು ಮಾರ್ಚ್‌ನಲ್ಲಿ ಒಂದು ಕಂಪನಿಯಿಂದ ಫೋನ್ ಬಂತು. ವರ್ಷದ ಲೆಕ್ಕ ಮುಗಿಯುವುದರೊಳಗೆ ಸಸಿ ನೆಡಬೇಕಂತೆ. ಬ್ಯಾನರ್ ಆಗಲೇ ಪ್ರಿಂಟ್ ಆಗಿದೆಯಂತೆ. ಸಸಿ ಬೇಡ, ಹುಲ್ಲು ಕೊಯ್ಯೋಕೆ ಬನ್ನಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ‘ಸರ್, ಫೋಟೋದಾಗ ನಾವು ಕಾಡು ಕಡಿಯೋ ಹಂಗ ಕಾಣತೀವಲ್ಲ?’ ಆಮೇಲೆ ಎಲ್ಲೋ ರಸ್ತೆ ಬದಿ ಜಾಗ ಹುಡುಕಿಕೊಂಡರು. ಒಂದು ಸಸಿಗೆ ಎಂಟು ಜನ ಕೈ ಹಚ್ಚಿದ ಫೋಟೋ ನನಗೂ ವಾಟ್ಸಾಪ್‌ನಲ್ಲಿ ಬಂತು.

ನಾನು ಗಿಡದ ವೈರಿ ಅಲ್ಲ. ಆದರೆ ಹುಲ್ಲು ಕಂಡಲ್ಲೆಲ್ಲ ‘ಖಾಲಿ ಜಾಗ’ ಅನ್ನುವ ಚಾಳಿ ಇದೆಯಲ್ಲ, ಅದು ಬೇಡ. ರಾಣೆಬೆನ್ನೂರಿಗೆ ಹೋಗಿ ನೋಡಿ. 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಅಂತ ಘೋಷಿಸಿದ ಜಾಗ ಅದು, 119 ಚದರ ಕಿಲೋಮೀಟರ್. ಬಯಲು ಬೇಕು ಅನ್ನುವ ಪ್ರಾಣಿಯ ಅಭಯಾರಣ್ಯದಲ್ಲಿ ಎಷ್ಟೊಂದು ಕಡೆ ನೀಲಗಿರಿ! ಹುಲ್ಲಲ್ಲೇ ಓಡಾಡಿಕೊಂಡಿದ್ದ ಎರೆಭೂತ ಹಕ್ಕಿ ಅಲ್ಲಿ ಈಗ ಹೆಸರಿಗಷ್ಟೇ. ಅಲ್ಲಿ ಸಸಿ ನೆಟ್ಟವರಿಗೂ ‘ಎಷ್ಟು’ ಅಂತ ಕೇಳಿದವರಿದ್ದರು ಅನ್ನಿಸುತ್ತದೆ.

ಇನ್ನೊಂದು ಪ್ರಶ್ನೆ, ‘ಬೆಂಕಿ ಹಚ್ಚೋರು ಆ ಕುರಿಯವರೇ ಅಲ್ವಾ?’ ಇದು ಪ್ರಶ್ನೆ ಅಲ್ಲ, ತೀರ್ಪು. ಹಚ್ಚುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಒಣಗಿದ ಬಾದೆಯನ್ನು ಕುರಿ ಮೂಸಿಯೂ ನೋಡುವುದಿಲ್ಲ. ಸುಟ್ಟರೆ ಮಳೆ ಬಿದ್ದ ಕೂಡಲೇ ಎಳೆ ಚಿಗುರು. ಆದರೆ ಹೊಗೆ ಕಂಡ ತಕ್ಷಣ ನಮಗೆ ಫೋನ್ ಮಾಡುವವರೂ ಕುರಿಯವರೇ. ಪಂಕ್ತಿಯಲ್ಲಿ ಕೂತು ತೀರ್ಪು ಕೊಡುವವರು ಯಾರೂ ಇಲ್ಲಿಯವರೆಗೆ ಫೋನ್ ಮಾಡಿಲ್ಲ.

ಸರಿಯಾದ ಪ್ರಶ್ನೆ ಕೇಳಿದವರೂ ಅವರಲ್ಲೇ ಒಬ್ಬರು. ನಾವು ಗುಡಿಸುತ್ತಿದ್ದ ಪಟ್ಟಿಯ ಪಕ್ಕ ಬಂದು, ಕೋಲಿನ ಮೇಲೆ ಗದ್ದ ಊರಿ ನಿಂತರು. ‘ನೀವು ಉಳಿಸಿದ ಹುಲ್ಲು ನನ್ನ ಕುರಿ ತಿನ್ನಂಗಿಲ್ಲ. ಮತ್ತ ಯಾರಿಗೆ ಉಳಿಸಾಕತ್ತೀರಿ?’

ನಾಲ್ಕು ಕೊಂಬಿನ ಕಾಡುಪ್ರಾಣಿ ಕೊಂಡುಕುರಿ, ತೋಳ, ಕತ್ತೆಕಿರುಬ, ನೆಲದ ಮೇಲೇ ಮೊಟ್ಟೆ ಇಡುವ ಟಿಟ್ಟಿಭ, ಎಲ್ಲ ಹೇಳಿದೆ. 2019ರಲ್ಲಿ ಇದು ವನ್ಯಜೀವಿ ಧಾಮ ಆಗಿದೆ, 244 ಚದರ ಕಿಲೋಮೀಟರ್ ಅಂತಲೂ ಹೇಳಿದೆ. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ. ಗುಡ್ಡ ಬೋಳಾದರೆ ಮೊದಲ ಮಳೆಗೇ ಮಣ್ಣು ಕೊಚ್ಚಿಕೊಂಡು ಹೋಗಿ ಕೆಳಗಿನ ಕೆರೆ ಹೂಳು ತುಂಬುತ್ತದೆ ಅಂದಾಗ ಮಾತ್ರ ತಲೆಯಾಡಿಸಿದರು.

‘ಕೆರಿ ನಮಗೂ ಬೇಕ್ರಿ. ಆದ್ರ ಮಳಿ ಬರೋತನಕ ಕುರಿ ಏನ್ ತಿನ್ನಬೇಕು?’

ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸಿ ಅಂತ ರೈತರೇ ಕರೆಯುತ್ತಾರೆ, ಗೊಬ್ಬರಕ್ಕೆ. ಮಾರ್ಚ್ ಕಳೆಯುವಷ್ಟರಲ್ಲಿ ಹೊಲದಲ್ಲಿ ಕೂಳೆಯೂ ಇರುವುದಿಲ್ಲ. ಮೇಲೆ ಹೋದರೆ ಧಾಮದ ಗಾರ್ಡು. ಊರ ಗೋಮಾಳ ಎಷ್ಟು ಉಳಿದಿದೆ, ಯಾರ ಬೇಲಿಯೊಳಗೆ ಹೋಗಿದೆ ಅಂತ ಮೊದಲು ನೋಡಬೇಕು ಅನ್ನುವುದು ನನ್ನ ಅರ್ಧ ಉತ್ತರ. ಉಳಿದ ಅರ್ಧ ಯಾರಿಗಾದರೂ ಗೊತ್ತಿದ್ದರೆ ಮುಂದಿನ ಮದುವೆಯಲ್ಲಿ ನನ್ನ ಪಕ್ಕವೇ ಕೂತುಕೊಳ್ಳಿ. ನನ್ನ ಜಿಲೇಬಿನೂ ನೀವೇ ತಿನ್ನಿ.