ಮಣ್ಣಿನ ಬ್ಲಾಕ್ ಮನೆ ಕಟ್ಟಿಸುವವರು

"ಮಳೆ ಬಂದ್ರೆ ಗೋಡೆ ಕರಗಲ್ವಾ?" ಇದನ್ನು ಕೇಳದ ಗಿರಾಕಿ ನನಗೆ ಇನ್ನೂ ಸಿಕ್ಕಿಲ್ಲ. ಅದಾದ ಮೇಲೆ ಬ್ಯಾಂಕ್ ಲೋನ್ ಸಿಗುತ್ತಾ, ಗೋಡೆಗೆ ಮೊಳೆ ಹೊಡೆಯಬಹುದಾ. ಕರಗಲ್ಲ, ಸಿಗುತ್ತೆ, ಹೊಡೀಬಹುದು. ಲೋನಿಗೆ ಮಾತ್ರ ಸ್ವಲ್ಪ ಓಡಾಡಬೇಕು. ಹೋದ ವರ್ಷ ಒಬ್ಬ ಮ್ಯಾನೇಜರು ಎಸ್ಟಿಮೇಟ್ ನೋಡಿದವರೇ ಫೈಲನ್ನು ಪಕ್ಕಕ್ಕೆ ಸರಿಸಿದರು. ಐಎಸ್ 1725ರ ಜೆರಾಕ್ಸ್ ತಗೊಂಡು ಹೋಗಿ ಅವರ ಟೇಬಲ್ ಮೇಲಿಟ್ಟೆ. ಮಣ್ಣಿನ ಬ್ಲಾಕಿಗೆ ಸರ್ಕಾರದ್ದೇ ಮಾನದಂಡ ಇದೆ ಸಾರ್, 1960ರಿಂದ ಇದೆ ಅಂದೆ. ಆಮೇಲೆ ಫೈಲು ಮುಂದಕ್ಕೆ ಹೋಯಿತು.

ನಾನು ನೆಲಮಂಗಲದ ಕಡೆ ಸಣ್ಣ ಕಂಟ್ರಾಕ್ಟರು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಸುಡದೆ ಯಂತ್ರದಲ್ಲಿ ಒತ್ತಿದ ಬ್ಲಾಕಿನ ಮನೆಗಳೇ ನನ್ನ ಕೆಲಸದಲ್ಲಿ ಜಾಸ್ತಿ. ಹಸಿರು ಕಟ್ಟಡ ಅಂದರೆ ಪತ್ರಿಕೆಗಳಲ್ಲಿ ಒಂದು ಫೋಟೋ ಬರುತ್ತಲ್ಲ, ಗಾಜಿನ ಗೋಡೆ, ಅದರ ಮೇಲೆ ನಾಲ್ಕು ಬಳ್ಳಿ, ಮುಂದೆ ಕೈಕಟ್ಟಿ ನಿಂತ ಆರ್ಕಿಟೆಕ್ಟು. ಆದರೆ ಯಾರು ಈ ಕೆಲಸಕ್ಕೆ ದಾರಿ ಮಾಡಿದವರು ಅಂತ ನನ್ನನ್ನು ಕೇಳಿದರೆ ನಾನು ಮೊದಲು ಹೇಳುವ ಹೆಸರು ಪ್ರೊಫೆಸರ್ ಕೆ. ಎಸ್. ಜಗದೀಶ್ ಅವರದು.

1974ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಮಾಡೋದಕ್ಕೆ ‘ಅಸ್ತ್ರ’ ಅನ್ನುವ ವಿಭಾಗ ಶುರು ಮಾಡಿದರು. ರೆಡ್ಡಿಯವರದು ಎಲೆಕ್ಟ್ರೋಕೆಮಿಸ್ಟ್ರಿ. ಅಂಥವರು ಸೌದೆ, ಸಗಣಿ, ಒಲೆ, ಗೋಡೆ ಅಂತ ಹೊರಟರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಮಾಡಿಕೊಂಡು ಹಳ್ಳಿಯಲ್ಲೇ ಕೆಲಸ ನಡೆಸಿದರು. ಸಿವಿಲ್ ಇಂಜಿನಿಯರಿಂಗಿನ ಜಗದೀಶ್ ಅಲ್ಲಿ ಸೇರಿಕೊಂಡರು. ನಮ್ಮ ಅಜ್ಜಿ ಮನೆಯಲ್ಲಿ ಮೂರು ಪಾತ್ರೆ ಇಡುವ ಅಸ್ತ್ರ ಒಲೆ ಇತ್ತು. ಹೊಗೆಯೆಲ್ಲ ಚಿಮಣಿಯಲ್ಲಿ ಆಚೆ ಹೋಗುತ್ತಿತ್ತು, ಸೌದೆಯೂ ಕಮ್ಮಿ ಸಾಕು. ಆ ಒಲೆ ಮಾಡಿದ ತಂಡದಲ್ಲೂ ಜಗದೀಶ್ ಇದ್ದರು ಅಂತ ನನಗೆ ಗೊತ್ತಾಗಿದ್ದು ಡಿಪ್ಲೊಮಾ ಮುಗಿಸಿದ ಮೇಲೆ.

ಅವರು ಮಣ್ಣಿನ ಮನೆ ಚೆಂದ ಅಂತ ಹೇಳಿ ಸುಮ್ನಾಗಲಿಲ್ಲ. ಯಾವ ಮಣ್ಣು, ಎಷ್ಟು ಮರಳು, ಎಷ್ಟು ಸಿಮೆಂಟು, ಎಷ್ಟು ಒತ್ತಬೇಕು ಅಂತ ಲೆಕ್ಕ ಹಾಕಿ, ಕರೆಂಟಿಲ್ಲದ ಊರಲ್ಲೂ ನಡೆಯುವ ಕೈ ಯಂತ್ರ ಮಾಡಿಸಿದರು. ಅವರೂ ಅದೇ ಸಂಸ್ಥೆಯ ಬಿ. ವಿ. ವೆಂಕಟರಾಮ ರೆಡ್ಡಿಯವರೂ ಸೇರಿ 2003ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಸುಟ್ಟ ಇಟ್ಟಿಗೆಗೆ ಬೇಕಾದ ಶಕ್ತಿಯಲ್ಲಿ ಕಾಲುಭಾಗ ಸಾಕು ಈ ಬ್ಲಾಕಿಗೆ. ಇಟ್ಟಿಗೆ ಗೂಡಿಗೆ ಎಷ್ಟು ಸೌದೆ ಬೀಳುತ್ತೆ ಅಂತ ಕಣ್ಣಾರೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೈಟಿನಲ್ಲಿ ಇದು ನಡೆಯೋದು ಹೀಗೆ. ಪಾಯ ತೆಗೆಯುವಾಗ ಮೇಲಿನ ಒಂದಡಿ ಮಣ್ಣು ಬೇರೆ ಹಾಕುತ್ತೇವೆ, ಅದರಲ್ಲಿ ಬೇರು, ಕಸ ಇರುತ್ತೆ, ಅದು ತೋಟಕ್ಕೆ. ಕೆಳಗಿನ ಕೆಂಪು ಮಣ್ಣು ಬ್ಲಾಕಿಗೆ. ಗಾಜಿನ ಬಾಟಲಿಗೆ ಒಂದಿಷ್ಟು ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಟ್ಟರೆ ಮರಳು ಮೊದಲು ತಳಕ್ಕೆ ಕೂರುತ್ತೆ, ಜೇಡಿ ಕೊನೆಗೆ ಮೇಲೆ ನಿಲ್ಲುತ್ತೆ. ಜೇಡಿ ಜಾಸ್ತಿ ಕಂಡರೆ ಮರಳೋ ಕ್ವಾರಿ ಡಸ್ಟೋ ಬೆರೆಸಬೇಕು. ಜರಡಿ ಹಿಡಿದು, 7–8% ಸಿಮೆಂಟ್ ಒಣಗಿದ್ದಾಗಲೇ ಕಲೆಸಿ, ಆಮೇಲೆ ನೀರು ಚಿಮುಕಿಸಬೇಕು. ನೀರಿನ ಹದ ನೋಡೋದಕ್ಕೆ ಮೀಟರ್ ಗೀಟರ್ ಏನೂ ಬೇಡ. ಮುದ್ದೆ ಕಟ್ಟಿದ ಹಾಗೆ ಒಂದು ಹಿಡಿ ಉಂಡೆ ಮಾಡಿ ಎದೆಮಟ್ಟದಿಂದ ನೆಲಕ್ಕೆ ಬಿಡಬೇಕು. ಪಚ್ಚಂತ ಚಪ್ಪಟೆಯಾದರೆ ನೀರು ಹೆಚ್ಚು. ಪುಡಿಪುಡಿಯಾದರೆ ಕಮ್ಮಿ. ನಾಲ್ಕೈದು ಹೋಳಾದರೆ ಸರಿ. ನಮ್ಮ ಮೇಸ್ತ್ರಿ ರಂಗಣ್ಣನಿಗೆ ಈಗ ಉಂಡೆ ಬಿಡೋದೂ ಬೇಡ, ಬಾಂಡ್ಲಿಯೊಳಗೆ ಕೈ ಆಡಿಸಿ "ಇನ್ನೊಂದು ಚೊಂಬು ಹಾಕ್ರೋ" ಅಂತಾನೆ. ನಾನಂತೂ ಈಗಲೂ ಬಿಟ್ಟು ನೋಡ್ತೀನಿ.

ಆಮೇಲೆ ತೂಕ. 230 x 190 x 100 ಮಿಲಿಮೀಟರಿನ ಒಂದು ಬ್ಲಾಕಿಗೆ ಹಸಿ ಮಿಶ್ರಣ ಸುಮಾರು ಎಂಟೂವರೆ ಕೆಜಿ. ಪ್ರತಿ ಬ್ಲಾಕಿಗೂ ತಕ್ಕಡಿಯಲ್ಲಿಟ್ಟು ತೂಗಿಯೇ ಯಂತ್ರಕ್ಕೆ ಸುರಿಯಬೇಕು. ಅಚ್ಚಿನ ಅಳತೆ ಬದಲಾಗಲ್ಲ, ಹಾಗಾಗಿ ಅರ್ಧ ಕೆಜಿ ಕಮ್ಮಿ ಹಾಕಿದರೂ ನೋಡೋಕೆ ಬ್ಲಾಕ್ ಅಷ್ಟೇ ದೊಡ್ಡದು, ಒಳಗೆ ಮಾತ್ರ ಪೊಳ್ಳು. ಇಬ್ಬರು ಸನ್ನೆಗೋಲು ಎಳೆದರೆ ಬ್ಲಾಕ್ ಮೇಲೆ ಬರುತ್ತೆ. ಜೋಡಿಸಿ, ಹುಲ್ಲು ಅಥವಾ ಗೋಣಿಚೀಲ ಹೊದಿಸಿ, ಮೂರು ವಾರ ನೀರು ಹಾಕಬೇಕು. ಮಳೆಗೆ ಕರಗದೆ ಇರೋದು ಈ ಮೂರು ವಾರದಿಂದಲೇ.

ನಗರದವರಿಗೆ ಇದರ ಮೇಲೆ ನಂಬಿಕೆ ಬಂದಿದ್ದರಲ್ಲಿ ಬೆಂಗಳೂರಿನ ಆರ್ಕಿಟೆಕ್ಟ್ ಚಿತ್ರಾ ವಿಶ್ವನಾಥ್ ಅವರ ಪಾಲು ದೊಡ್ಡದು. ವಿದ್ಯಾರಣ್ಯಪುರದಲ್ಲಿ ತಮ್ಮ ಸ್ವಂತ ಮನೆಯನ್ನೇ ಆ ಸೈಟಿನ ಮಣ್ಣಿನಿಂದ ಕಟ್ಟಿಕೊಂಡರು. ಆರ್ಕಿಟೆಕ್ಟು ತಾನೇ ಅಲ್ಲಿ ವಾಸ ಮಾಡುತ್ತಾರೆ ಅಂದರೆ ಗಿರಾಕಿ ಅರ್ಧ ಒಪ್ಪಿದ ಹಾಗೆ, ಅಲ್ವಾ? ಅವರ ಯಜಮಾನರು ಎಸ್. ವಿಶ್ವನಾಥ್ ನೀರಿನವರು, ಮಳೆನೀರು ಹಿಡಿಯೋದೇ ಅವರ ಕೆಲಸ. ತಾರಸಿ ಮೇಲೆ ಭತ್ತ ಬೆಳೆದು ತೋರಿಸಿದವರು. ಬೆಂಗಳೂರಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತೆ. 30x40 ಸೈಟಿನ ಮೇಲೆ ಬೀಳೋದೇ ಲಕ್ಷ ಲೀಟರ್ ಆಗುತ್ತೆ. ಅದನ್ನು ಚರಂಡಿಗೆ ಬಿಟ್ಟು ಟ್ಯಾಂಕರಿಗೆ ಫೋನ್ ಮಾಡೋದು ನಮ್ಮ ರೂಢಿ. ಊರಿಗೆ ಹತ್ತು ಲಕ್ಷ ಇಂಗುಬಾವಿ ಬೇಕು ಅಂತ ಅವರು ಹೇಳುತ್ತಾ ಬಂದಿದ್ದಾರೆ, ತೋಡುವ ಕೆಲಸ ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಮಣ್ಣು ವಡ್ಡರದು. ಬೋರ್‌ವೆಲ್ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ ಅವರಿಗೆ ಇದರಿಂದ ಮತ್ತೆ ಕರೆ ಬರತೊಡಗಿತು. ನನ್ನ ಸೈಟಿಗೆ ಬಂದವರು ಮೂರಡಿ ಅಗಲದ ಗುಂಡಿಯೊಳಗೆ ಕೂತು ಚಿಕ್ಕ ಹಾರೆಯಲ್ಲಿ ಅಗೆಯುತ್ತಾ ಇಳಿಯುತ್ತಿದ್ದರೆ ಪಕ್ಕದ ಮನೆಯವರೆಲ್ಲ ಬಂದು ಬಗ್ಗಿ ನೋಡುತ್ತಿದ್ದರು. ಯಾವ ಪದರದಲ್ಲಿ ನೀರು ಎಳೆಯುತ್ತೆ ಅಂತ ಅವರು ಮಣ್ಣು ಮುಟ್ಟಿಯೇ ಹೇಳುತ್ತಾರೆ.

ಕೇರಳದಲ್ಲಿ ಕಮ್ಮಿ ಖರ್ಚಿನ ಮನೆಗಳನ್ನು ಕಟ್ಟಿದ ಆರ್ಕಿಟೆಕ್ಟ್ ಲಾರಿ ಬೇಕರ್ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಹೆಚ್ಚು ಹೇಳಲ್ಲ. ಇಟ್ಟಿಗೆಯನ್ನು ನಿಲ್ಲಿಸಿ ಮಧ್ಯೆ ಪೊಳ್ಳು ಬಿಡುವ ರ‍್ಯಾಟ್ ಟ್ರ್ಯಾಪ್ ಗೋಡೆ ಅವರಿಂದಲೇ ಕೇರಳದಲ್ಲೆಲ್ಲ ಹರಡಿತು. ಇಟ್ಟಿಗೆ ಕಾಲುಭಾಗ ಉಳಿಯುತ್ತೆ. ತಿರುವನಂತಪುರದಲ್ಲಿ ಅವರು ಕಟ್ಟಿದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ನೋಡಿ ಬನ್ನಿ. ಸೈಟಿನಲ್ಲಿ ಮೇಸ್ತ್ರಿಗಳ ಜೊತೆ ನಿಂತೇ ಎಷ್ಟೋ ತೀರ್ಮಾನ ಮಾಡುತ್ತಿದ್ದ ಮನುಷ್ಯ.

ನನಗೆ ಸಿಟ್ಟು ಬರೋದು ಒಂದಕ್ಕೆ. ಎರೆ ಮಣ್ಣಿನ ಊರಲ್ಲಿ ಫಾರ್ಮ್‌ಹೌಸ್ ಮಾಡುವವರು ಎಲ್ಲಿಂದಲೋ ಲಾರಿಗಟ್ಟಲೆ ಕೆಂಪು ಮಣ್ಣು ತರಿಸಿ ‘ಪರಿಸರಸ್ನೇಹಿ’ ಅಂತ ಬೋರ್ಡು ಹಾಕುತ್ತಾರೆ. ಡೀಸೆಲ್ ಯಾರ ಲೆಕ್ಕಕ್ಕೆ? ಎರೆ ಮಣ್ಣು ಉಬ್ಬುತ್ತೆ, ಬಿರಿಯುತ್ತೆ, ಅದಕ್ಕೆ ಬರೀ ಸಿಮೆಂಟ್ ಸಾಲದು, ಸುಣ್ಣ ಬೇಕು. ಅದೂ ಕಷ್ಟ ಅನ್ನಿಸಿದರೆ ಹತ್ತಿರದಲ್ಲಿ ಕಲ್ಲು ಸಿಗುತ್ತಾ ನೋಡಲಿ. ಕಲ್ಲಿನ ಮನೆಗೆ ಏನಾಗಿದೆ?

ಈಗಿನ ತಲೆನೋವು ಕೆಲಸಕ್ಕೆ ಜನ ಸಿಗದೆ ಇರೋದು. ಸನ್ನೆಗೋಲು ಎಳೆಯೋದು ಸೊಂಟ ಮುರಿಯುವ ಕೆಲಸ. ಹುಡುಗರು ಬೈಕ್ ಹತ್ತಿ ಡೆಲಿವರಿಗೆ ಹೋಗುತ್ತಾರೆ, ಬೇಡ ಅನ್ನೋಕೆ ನಾನ್ಯಾರು? ಉಳಿದವರನ್ನು ಹಿಡಿದುಕೊಳ್ಳೋಕೆ ಎಷ್ಟೋ ಕಂಟ್ರಾಕ್ಟರುಗಳು ಬ್ಲಾಕಿಗೆ ಇಷ್ಟು ಅಂತ ರೇಟ್ ಮಾತಾಡುತ್ತಾರೆ. ಲೆಕ್ಕ ಸುಲಭ, ಸಂಜೆಗೆ ರಾಶಿಯೂ ದೊಡ್ಡದು. ಆದರೆ ಎಣಿಕೆಗೆ ದುಡ್ಡು ಅಂದ ಮೇಲೆ ಮೊದಲು ಮೂಲೆ ಸೇರೋದು ತಕ್ಕಡಿ. ನಾನು ದಿನಗೂಲಿಯನ್ನೇ ಕೊಡ್ತೀನಿ. ರಂಗಣ್ಣನ ಹೆಂಡತಿ ತಕ್ಕಡಿ ಹತ್ತಿರ ಕೂರುತ್ತಾಳೆ, ಅವಳಿಗೂ ಯಂತ್ರ ಎಳೆಯುವವರಷ್ಟೇ ಕೂಲಿ. ಗಿರಾಕಿಗಳು ಇದಕ್ಕೂ ಚೌಕಾಸಿ ಮಾಡುತ್ತಾರೆ, "ಬರೀ ತೂಕ ಹಾಕೋಕೆ ಒಬ್ಬರು ಬೇಕಾ?" ಅಂತ. ಬೇಕು ಮೇಡಂ.