ಹತ್ತು ಪದಕಗಳ ಹೆನ್ರಿ ಶೆಫ್ಲಿನ್

ಹರ್ಲಿಂಗ್ ಐರ್ಲೆಂಡಿನ ಆಟ. ತಂಡಕ್ಕೆ 15 ಜನ, ಕೈಯಲ್ಲಿ ಆಶ್ ಮರದ ಕೋಲು, ಚೆಂಡು ಕ್ರಾಸ್‌ಬಾರ್ ಕೆಳಗೆ ಹೋದರೆ 3 ಪಾಯಿಂಟ್, ಮೇಲೆ ಹೋದರೆ 1. ಇದರಲ್ಲಿ ನನಗೆ ತುಂಬಾ ಇಷ್ಟವಾದ ಆಟಗಾರ ಕಿಲ್ಕೆನಿ ಕೌಂಟಿ (ಜಿಲ್ಲೆ) ತಂಡದ ಹೆನ್ರಿ ಶೆಫ್ಲಿನ್.

ಎರಡು ಸಲ ಮೊಣಕಾಲಿನ ಲಿಗಮೆಂಟ್ ಹರಿಯಿತು. 2010ರಲ್ಲಿ ಕಿಲ್ಕೆನಿ ಸತತ ಐದನೇ ಆಲ್-ಐರ್ಲೆಂಡ್ ಕಪ್‌ಗೆ, ಅಂದರೆ ಕೌಂಟಿ ತಂಡಗಳ ದೇಶಮಟ್ಟದ ಕಪ್‌ಗೆ, ಆಡುತ್ತಿತ್ತು, ಸೆಮಿಫೈನಲ್‌ನಲ್ಲಿ ಪೆಟ್ಟಾದ ಕಾಲಲ್ಲೇ ಫೈನಲ್‌ಗೆ ಇಳಿದು ಸ್ವಲ್ಪ ಹೊತ್ತಿಗೇ ಹೊರಗೆ ಬರಬೇಕಾಯಿತು, ಎದುರಾಳಿ ಟಿಪ್ಪರರಿ ಗೆದ್ದಿತು. ಇದೆಲ್ಲಾ ಸಂಬಳವಿಲ್ಲದ ಆಟಕ್ಕೆ, ನೆನಪಿರಲಿ!

2012ರ ಫೈನಲ್ ಅಂತೂ ಮರೆಯೋಕಾಗಲ್ಲ. ಗಾಲ್ವೇ ವಿರುದ್ಧ ಸ್ಕೋರ್ ಸಮ, ಇನ್ನೇನು ಮುಗಿಯಬೇಕು, ಆಗ ಕಿಲ್ಕೆನಿಗೆ ಪೆನಾಲ್ಟಿ. ಶೆಫ್ಲಿನ್ ಗೋಲಿಗೆ ಹೊಡೆಯುತ್ತಾರೆ ಅಂತ ಎಲ್ಲರೂ ಅಂದುಕೊಂಡರೆ ಇವರು ಬಾರ್ ಮೇಲೆ ಕಳಿಸಿ ಒಂದೇ ಪಾಯಿಂಟ್ ತೆಗೆದುಕೊಂಡರು. ಆಮೇಲೆ ಗಾಲ್ವೇಯ ಜೋ ಕ್ಯಾನಿಂಗ್ ಸಮ ಮಾಡಿದರು, ಜನ ಶೆಫ್ಲಿನ್‌ರನ್ನೇ ಪ್ರಶ್ನಿಸಿದರು. ನನ್ನ ಪ್ರಕಾರ ಅದು ಸರಿಯಾದ ಲೆಕ್ಕವೇ. ಮರುಪಂದ್ಯ ಕಿಲ್ಕೆನಿ ಗೆದ್ದಿತು, ಆ ವರ್ಷದ ಶ್ರೇಷ್ಠ ಆಟಗಾರನ ಪ್ರಶಸ್ತಿ ಮೂರನೇ ಸಲ ಇವರಿಗೇ ಬಂತು.

2014ರಲ್ಲಿ ಹತ್ತನೇ ಆಲ್-ಐರ್ಲೆಂಡ್ ಪದಕ. ಅಷ್ಟು ಗೆದ್ದ ಮೊದಲಿಗರು ಇವರೇ. 2015ರ ಮಾರ್ಚ್‌ನಲ್ಲಿ ತಮ್ಮ ಊರಿನ ಬ್ಯಾಲಿಹೇಲ್ ಕ್ಲಬ್‌ಗೂ ಆಲ್-ಐರ್ಲೆಂಡ್ ಕಪ್ ಗೆದ್ದುಕೊಟ್ಟು, ಅದೇ ತಿಂಗಳು ಕಿಲ್ಕೆನಿ ತಂಡಕ್ಕೆ ವಿದಾಯ ಹೇಳಿದರು.